ಲಿಂಬೆಯ ಬುಡದ ಒಕ್ಕಲು

ಅಬ್ದುಲ್ ರವೂಫ್ ಇಪ್ಪತ್ತಾರು ವರ್ಷ ಅರಬ್ ದೇಶದ ದಮ್ಮಾಮಿನ ದೊಡ್ಡದೊಂದು ಆಸ್ಪತ್ರೆಯಲ್ಲಿ ದುಡಿದವರು. ಡಾಕ್ಟರಲ್ಲ, ಕಂಪೌಂಡರಲ್ಲ, ಅಲ್ಲಿನ ಶುಚಿತ್ವ ವಿಭಾಗದ ಮೇಲ್ವಿಚಾರಕರು. ನೆಲ ಒರೆಸುವ ಕೋಲು ಹಿಡಿದು ಕೆಲಸಕ್ಕೆ ಸೇರಿದವರು, ಬಿಟ್ಟು ಬರುವಾಗ ಅರುವತ್ತು ಜನ ಒರೆಸುವವರಿಗೆ ಯಜಮಾನರಾಗಿದ್ದರು. ಆಪರೇಷನ್ ಥಿಯೇಟರಿನ ನೆಲ ನೋಡಿ ಅವರು ತಲೆಯಾಡಿಸಿದ ಮೇಲೆಯೇ ಸರ್ಜನರು ಒಳಗೆ ಕಾಲಿಡುತ್ತಿದ್ದರಂತೆ. ಇದನ್ನು ಹೇಳುತ್ತಿದ್ದವರು ರವೂಫರೇ. ಆದರೆ ಅವರು ಸುಳ್ಳು ಹೇಳುವ ಜನವಲ್ಲ.

ಮಾಣಿಯ ಹೆದ್ದಾರಿಯಿಂದ ಎರಡು ಕಿಲೋಮೀಟರು ಒಳಗಿರುವ ತಮ್ಮ ಮನೆಗೆ ಬಂದು ನೆಲೆಸಿದ ಮೇಲೂ ರೋಗಾಣುಗಳ ಮೇಲಿನ ಅವರ ಯುದ್ಧ ನಿಲ್ಲಲಿಲ್ಲ. ಬಾಗಿಲಿನ ಹಿಡಿಗಳನ್ನು ದಿನಕ್ಕೆರಡು ಸಲ ಒರೆಸಬೇಕು. ತರಕಾರಿ ಉಪ್ಪುನೀರಿನಲ್ಲಿ ಅರ್ಧ ಗಂಟೆ ನೆನೆಯಬೇಕು. ಒರೆಸುವ ಬಟ್ಟೆ ಅಡುಗೆಮನೆಗೆ ಹಸಿರು, ಬಚ್ಚಲಿಗೆ ಕೆಂಪು, ಉಳಿದ ಕಡೆಗೆ ನೀಲಿ. ಒಂದರ ಜಾಗದಲ್ಲಿ ಇನ್ನೊಂದು ಕಂಡರೆ ಮನೆಯಲ್ಲಿ ವಿಚಾರಣೆ. ಹೆಂಡತಿ ನಫೀಸಮ್ಮ ಮೊದಲ ವರ್ಷ ಜಗಳ ಮಾಡಿದರು. ಎರಡನೆಯ ವರ್ಷ ಸುಮ್ಮನಾದರು. ಮೂರನೆಯ ವರ್ಷದಿಂದ ಮೂರು ಬಣ್ಣದ ಬಟ್ಟೆಗಳನ್ನೂ ಒಂದೇ ಬಾಲ್ದಿಯಲ್ಲಿ ಒಗೆದು, ಮೂರು ಬೇರೆ ಬೇರೆ ಹಗ್ಗಗಳಲ್ಲಿ ಒಣಗಿಸತೊಡಗಿದರು.

ಮನೆಯ ಪಕ್ಕದ ಖಾಲಿ ಜಾಗದಲ್ಲಿ ರವೂಫರು ಹನ್ನೆರಡು ಲಿಂಬೆ ಗಿಡ ಹಾಕಿದರು. ಮೂಡುಬಿದಿರೆಯ ಕಡೆಯ ನರ್ಸರಿಯೊಂದರಿಂದ ಆರಿಸಿ ತಂದ ಕಸಿ ಗಿಡಗಳು. ಲಿಂಬೆಯೇ ಯಾಕೆಂದರೆ, ಇಪ್ಪತ್ತಾರು ವರ್ಷ ಅವರು ಬಳಸಿದ ನೆಲ ಒರೆಸುವ ದ್ರಾವಣಕ್ಕೆ ಲಿಂಬೆಯ ಪರಿಮಳವಿತ್ತು. ಶುಚಿತ್ವಕ್ಕೊಂದು ಮರ ಇರುವುದಾದರೆ ಅದು ಇದೇ ಎಂದು ಅವರು ನಂಬಿದ್ದರು.

ಆ ನಂಬಿಕೆಗೆ ತಕ್ಕ ಹಾಗೆ ಗಿಡಗಳನ್ನು ನೋಡಿಕೊಂಡರು. ಬುಡದಲ್ಲಿ ಒಂದು ತರಗೆಲೆ ಬೀಳುವ ಹಾಗಿಲ್ಲ, ಬಿದ್ದರೆ ಹಿಡಿಸೂಡಿಯಿಂದ ಗುಡಿಸಿ ಆಚೆ. ಹುಲ್ಲಿನ ಎಸಳೊಂದು ತಲೆಯೆತ್ತಿದರೆ ಕಿತ್ತು ಗೇಟಿನ ಹೊರಗೆ. ಸೆಗಣಿ ಹಾಕಿ ಎಂದು ಯಾರೋ ಹೇಳಿದ್ದಕ್ಕೆ ಆ ಮನುಷ್ಯನನ್ನು ಮೇಲಿಂದ ಕೆಳಗೆ ನೋಡಿದರು. ತಿಂಗಳಿಗೊಮ್ಮೆ ಮೈಲುತುತ್ತಿನ ನೀರು, ಅದೂ ಅಡಿಕೆಗೆ ಹೊಡೆಯುವವರು ಹಾಕುವ ಪ್ರಮಾಣಕ್ಕಿಂತ ಒಂದು ಮುಷ್ಟಿ ಹೆಚ್ಚೇ. ನಡುವೆ ಮನಸ್ಸಿಗೆ ಸಮಾಧಾನವಾಗದಿದ್ದರೆ ಬ್ಲೀಚಿಂಗ್ ಪೌಡರು ಕಲಸಿದ ನೀರು. ಹೀಗೆ ಮೂರು ವರ್ಷವಾಗುವಾಗ ಹನ್ನೆರಡು ಗಿಡಗಳೂ ಹಳದಿ ಕಾಮಾಲೆಯಾದವರ ಹಾಗೆ ನಿಂತಿದ್ದವು. ಒಂದೊಂದಾಗಿ ಬುಡದ ತೊಗಟೆ ಒಡೆದು ಅಂಟು ಸೋರತೊಡಗಿತು. ನಾಲ್ಕು ಗಿಡ ಸತ್ತವು. ರವೂಫರು ಸತ್ತ ಗಿಡಗಳ ಗುಂಡಿಗೂ ಬ್ಲೀಚಿಂಗ್ ಹಾಕಿದರು.

ಅವರ ದುಃಖವನ್ನು ಹೆಚ್ಚಿಸಲಿಕ್ಕೆಂದೇ ಎಂಬ ಹಾಗೆ ಕಂಪೌಂಡು ಗೋಡೆಯ ಆಚೆಗೆ, ಸುಧಾಕರ ಶೆಟ್ಟರ ಮನೆಯ ಹಿಂದೆ, ಒಂದು ಲಿಂಬೆ ಮರವಿತ್ತು. ಅದನ್ನು ಯಾರೂ ನೆಟ್ಟದ್ದಲ್ಲ. ಎಂದೋ ಯಾರೋ ಬಿಸಾಡಿದ ಬೀಜದಿಂದ ಎದ್ದದ್ದು. ಶೆಟ್ಟರು ಮಾಣಿ ಜಂಕ್ಷನ್ನಿನ ತಮ್ಮ ಹೋಟೆಲನ್ನು ತಮ್ಮನಿಗೆ ವಹಿಸಿ, ಸೊಂಟನೋವೆಂದು ಮನೆಯಲ್ಲಿ ಕೂತವರು. ಆರಾಮಕುರ್ಚಿಯಿಂದ ಏಳುವುದು ಊಟಕ್ಕೆ ಮಾತ್ರ. ಅಡುಗೆಮನೆಯ ಪಾತ್ರೆ ತೊಳೆದ ನೀರು ಹೋಗಿ ನಿಲ್ಲುವುದು ಆ ಮರದ ಬುಡದಲ್ಲಿ. ಒಲೆಯ ಬೂದಿ, ತರಕಾರಿ ಸಿಪ್ಪೆ, ಹಲಸಿನ ರಚ್ಚೆ, ಮೀನು ತೊಳೆದ ನೀರು ಎಲ್ಲವೂ ಅಲ್ಲಿಗೇ. ಮೇಲಿನಿಂದ ತರಗೆಲೆ ಬಿದ್ದು ಕೊಳೆತು ಮೊಣಕಾಲೆತ್ತರ ಆಗಿತ್ತು. ಮರವೋ, ಕಾಯಿಯ ಭಾರಕ್ಕೆ ಕೊಂಬೆ ನೆಲಕ್ಕೆ ಊರಿಕೊಂಡು ನಿಂತಿತ್ತು.

ಎರಡು ವರ್ಷದ ಹಿಂದೆ ರವೂಫರು ಈ ಜಾಗದ ಮೇಲೆ ಪಂಚಾಯತಿಗೆ ಒಂದು ದೂರು ಬರೆದಿದ್ದರು. ಪಂಚಾಯತಿಯವರು ಬಂದು ನೋಡಿ, ಒಂದು ಇಂಗುಗುಂಡಿ ತೋಡಿ ಎಂದು ಶೆಟ್ಟರಿಗೆ ಹೇಳಿ, ದೂರಿನ ಪ್ರತಿ ಕೊಟ್ಟು ಹೋದರು. ಶೆಟ್ಟರು "ತೋಡುವ, ತೋಡುವ" ಎಂದರು. ಆಮೇಲೆ ಎರಡು ಮನೆಗಳ ನಡುವೆ ಮಾತು ಕಡಿಮೆಯಾಯಿತು. ಗೋಡೆಯ ಮೇಲಿನ ನಮಸ್ಕಾರ ಮಾತ್ರ ಉಳಿಯಿತು.

ಶೆಟ್ಟರ ಮಗಳು ದೀಕ್ಷಿತಾ ಉಜಿರೆಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರದ ಪಾಠ ಮಾಡುತ್ತಿದ್ದಳು. ದೊಡ್ಡವರ ಸಿಟ್ಟಿಗೆ ಅವಳು ಸೇರಿರಲಿಲ್ಲ. ಮಾರ್ಚಿನ ಒಂದು ಆದಿತ್ಯವಾರ ಊರಿಗೆ ಬಂದಿದ್ದವಳು, ಐದನೆಯ ಗಿಡದ ಬುಡದಲ್ಲಿ ತಲೆಗೆ ಕೈಕೊಟ್ಟು ಕೂತಿದ್ದ ರವೂಫರನ್ನು ಕಂಡು ಗೇಟು ತೆಗೆದು ಒಳಗೆ ಬಂದಳು.

"ಎಂತ ಅಂಕಲ್, ಇದಕ್ಕೂ ಅಂಟು ಬಂತಾ?"

"ನೋಡು ಮಗಾ. ಮಕ್ಕಳನ್ನು ಸಹ ಇಷ್ಟು ಕ್ಲೀನಾಗಿ ಸಾಕಿರ್ಲಿಕ್ಕಿಲ್ಲ ನಾನು."

ದೀಕ್ಷಿತಾ ಬುಡದ ಮಣ್ಣನ್ನು ಚಿವುಟಿ ಬೆರಳಲ್ಲಿ ತಿಕ್ಕಿದಳು, ಮೂಸಿದಳು. ರವೂಫರು ತಕ್ಷಣ ಜೇಬಿನಿಂದ ಸ್ಯಾನಿಟೈಸರ್ ತೆಗೆದು ಅವಳ ಕಡೆ ಚಾಚಿದರು. ಅವಳು ನಕ್ಕು, ಅದರ ಬದಲು ಎರಡು ಪ್ಲಾಸ್ಟಿಕ್ ತೊಟ್ಟೆ ಕೇಳಿದಳು. ಒಂದರಲ್ಲಿ ಈ ಗಿಡದ ಬೇರಿಗೆ ಅಂಟಿದ ಮಣ್ಣು ತುಂಬಿಸಿದಳು. ಇನ್ನೊಂದನ್ನು ಹಿಡಿದುಕೊಂಡು ತನ್ನ ಮನೆಯ ಹಿಂದಕ್ಕೆ ಹೋದಳು.

"ಮುಂದಿನ ಶುಕ್ರವಾರ ಲ್ಯಾಬಿಗೆ ಬನ್ನಿ ಅಂಕಲ್. ತೋರಿಸ್ತೇನೆ."

ಶುಕ್ರವಾರ ರವೂಫರು ಬೆಳಿಗ್ಗೆಯೇ ಇಸ್ತ್ರಿ ಅಂಗಿ ಹಾಕಿಕೊಂಡು, ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ ಉಜಿರೆಗೆ ಹೋದರು. ಲ್ಯಾಬು ಕಂಡು ಅವರಿಗೆ ಊರಿಗೆ ಬಂದಷ್ಟು ಸಂತೋಷವಾಯಿತು. ಬಿಳಿ ಕೋಟು, ಸ್ಪಿರಿಟಿನ ವಾಸನೆ, ಕೈ ತೊಳೆಯಲು ಮೊಣಕೈಯಿಂದ ತಿರುಗಿಸುವ ನಲ್ಲಿ. ಅಭ್ಯಾಸಬಲದಿಂದ ಮೇಜಿನ ಅಂಚಿಗೆ ಬೆರಳು ಎಳೆದು ನೋಡಿದರು, ಧೂಳಿತ್ತು; ಅತಿಥಿಯಾಗಿ ಬಂದವರು ಹೇಳಬಾರದೆಂದು ಸುಮ್ಮನಾದರು.

ದೀಕ್ಷಿತಾ ಎರಡು ಗಾಜಿನ ತಟ್ಟೆಗಳನ್ನು ತಂದು ಮೇಜಿನ ಮೇಲಿಟ್ಟಳು. ಅಂಗೈಯಗಲದ ತಟ್ಟೆಗಳು, ಒಳಗೆ ಜೆಲ್ಲಿಯಂತಹ ಪದರ. ಅದರ ಮೇಲೆ ಮಣ್ಣು ಕದಡಿದ ನೀರು ಹಚ್ಚಿ ಇಟ್ಟರೆ ಮಣ್ಣಿನಲ್ಲಿದ್ದ ಜೀವಿಗಳು ಬೆಳೆದು ಕಣ್ಣಿಗೆ ಕಾಣುತ್ತವೆ ಎಂದು ಹೇಳಿದಳು. ಒಂದು ತಟ್ಟೆಯಲ್ಲಿ ಜಾತ್ರೆ. ಬಿಳಿ ಚುಕ್ಕೆ, ಕೆನೆಬಣ್ಣದ ಬೊಟ್ಟು, ಕೇಸರಿ ಬಣ್ಣದ ಕಲೆ, ಹತ್ತಿಯಂತಹ ಎಳೆ, ಒಂದು ಮೂಲೆಯಲ್ಲಿ ಗಿಳಿಹಸಿರಿನ ಬೂಸ್ಟು. ಇನ್ನೊಂದರಲ್ಲಿ ಆರೇಳು ಚುಕ್ಕೆ ಬಿಟ್ಟರೆ ಏನೂ ಇಲ್ಲ, ಹುಣ್ಣಿಮೆಯ ಚಂದ್ರನ ಹಾಗೆ ಹೊಳೆಯುತ್ತಿತ್ತು.

"ಈ ಗಲೀಜಿನದ್ದು ಯಾವುದು?" ಎಂದರು ರವೂಫರು.

"ಅದು ನಮ್ಮ ಮನೆ ಹಿಂದಿನದ್ದು."

"ನಾನು ಹೇಳಿದ್ದಲ್ವಾ! ಪಂಚಾಯತಿಗೆ ಬರೆದದ್ದು ಸುಳ್ಳಾ ಈಗ?" ಅವರು ಹೊಳೆಯುವ ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದರು. "ನಮ್ದು ನೋಡು ಮಗಾ! ದಮ್ಮಾಮಿನಲ್ಲಾದ್ರೆ ಇದನ್ನು ಫ್ರೇಮ್ ಹಾಕಿ ಆಫೀಸಿನಲ್ಲಿ ತೂಗಿಸ್ತಿದ್ರು."

"ಅಂಕಲ್," ಎಂದಳು ದೀಕ್ಷಿತಾ ಮೆಲ್ಲಗೆ, "ಅದೇ ಕಾಯಿಲೆ."

ರವೂಫರು ತಟ್ಟೆಯನ್ನು ಕೆಳಗಿಡಲಿಲ್ಲ. ಅವಳು ಹೇಳಿದ್ದು ತಮಗೆ ಸರಿಯಾಗಿ ಕೇಳಿಸಲಿಲ್ಲವೆಂದು ಭಾವಿಸಿದರು. ಅವಳು ಸ್ಟೂಲು ಎಳೆದು ಅವರನ್ನು ಕೂರಿಸಿ, ವಿದ್ಯಾರ್ಥಿಗಳಿಗೆ ಹೇಳುವುದಕ್ಕಿಂತ ನಿಧಾನವಾಗಿ ಹೇಳಿದಳು.

"ಲಿಂಬೆಯ ಬೇರು ಸುಮ್ಮನೆ ನೀರು ಕುಡಿಯುವುದಲ್ಲ ಅಂಕಲ್. ಎಲೆಯಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರಿನಿಂದ ಹೊರಗೆ ಬಿಡ್ತದೆ. ಯಾರಿಗೆ? ಇವರಿಗೆ. ಇವರು ತಿಂದು ಸುಮ್ಮನೆ ಹೋಗುವ ಜನ ಅಲ್ಲ. ಒಬ್ಬ, ಮಣ್ಣಿನಲ್ಲಿ ಗಟ್ಟಿಯಾಗಿ ಕೂತ ರಂಜಕವನ್ನು ಕರಗಿಸಿ ಕೊಡ್ತಾನೆ. ಇನ್ನೊಬ್ಬ ಗಾಳಿಯಿಂದ ಸಾರಜನಕ ಹಿಡಿದು ಕೊಡ್ತಾನೆ. ಒಂದು ಜಾತಿಯ ಶಿಲೀಂಧ್ರ ಉಂಟು, ಅದು ಈ ತಟ್ಟೆಯಲ್ಲಿ ಬರುದಿಲ್ಲ, ಬೇರಿನ ಒಳಗೇ ವಾಸ. ಅಲ್ಲಿಂದ ನೂಲಿನ ಹಾಗೆ ಮಣ್ಣಿಗೆ ಕೈ ಚಾಚಿ, ಬೇರು ಮುಟ್ಟದ ಜಾಗದಿಂದ ತಂದು ಕೊಡ್ತದೆ. ಮತ್ತೆ ಈ ಹಸಿರು ಬೂಸ್ಟು ನೋಡಿ, ಟ್ರೈಕೋಡರ್ಮ ಅಂತ ಹೆಸರು. ಇದು ಕಾವಲಿನವ. ಬೇರು ಕೊಳೆಸುವ ಜಾತಿಯವ ಬಂದರೆ ಅವನಿಗೆ ಸುತ್ತಿಕೊಂಡು ತಿಂದೇ ಬಿಡ್ತದೆ."

"ಇಷ್ಟು ಜನ ಕೆಲಸದವರು ಬುಡದಲ್ಲಿ ಇರ್ತಾರಾ?"

"ಒಂದು ಚಮಚ ಮಣ್ಣಿನಲ್ಲಿ ಕೋಟಿ ಲೆಕ್ಕದಲ್ಲಿ."

"ಎಲ್ಲರೂ ಒಳ್ಳೆಯವರಾ?"

"ಎಲ್ಲರೂ ಅಲ್ಲ. ಕೆಟ್ಟವರೂ ಇದ್ದಾರೆ. ಆದ್ರೆ ಒಳ್ಳೆಯವರು ತುಂಬ ಇದ್ದರೆ ಕೆಟ್ಟವರಿಗೆ ಕೂರ್ಲಿಕ್ಕೆ ಜಾಗ ಸಿಗುದಿಲ್ಲ. ನೀವು ತಿಂಗಳಿಗೊಮ್ಮೆ ಎಲ್ಲರನ್ನೂ ಓಡಿಸಿದ್ರಿ. ಖಾಲಿ ಮನೆಗೆ ಮೊದಲು ಬಂದು ಕೂತದ್ದು ಕೊಳೆರೋಗದವ."

ರವೂಫರು ತಟ್ಟೆಯನ್ನು ಮೇಜಿನ ಮೇಲೆ ಇಟ್ಟರು. ಅರುವತ್ತು ಜನ ಕೆಲಸದವರನ್ನು ಆಳಿದ ಮನುಷ್ಯ ಅವರು. ಯಾರನ್ನೂ ಕಾರಣವಿಲ್ಲದೆ ಕೆಲಸದಿಂದ ತೆಗೆದವರಲ್ಲ. ಸಂಬಳ ಕೇಳದ ಕೋಟಿಗಟ್ಟಲೆ ಕೆಲಸದವರನ್ನು ತಿಂಗಳು ತಿಂಗಳೂ ವಿಷ ಹಾಕಿ ಕೊಂದದ್ದು ಅವರ ಎದೆಗೆ ತಾಗಿತು.

"ಅಲ್ಲಾ," ಎಂದರು.

ದೀಕ್ಷಿತಾ ಒಂದು ಕಿಲೋ ಟ್ರೈಕೋಡರ್ಮದ ಪುಡಿ ಕೊಟ್ಟು ವಿಧಾನ ಬರೆದುಕೊಟ್ಟಳು. ಒಣಗಿದ ಸೆಗಣಿ ಗೊಬ್ಬರ, ಬೇವಿನ ಹಿಂಡಿ, ಈ ಪುಡಿ ಮೂರನ್ನೂ ಬೆರೆಸಿ ನೆರಳಿನಲ್ಲಿ ರಾಶಿ ಹಾಕಬೇಕು. ಮೇಲೆ ಒದ್ದೆ ಗೋಣಿ. ದಿನಾ ನೀರು ಚಿಮುಕಿಸಬೇಕು. ಹದಿನೈದು ದಿನದಲ್ಲಿ ರಾಶಿಯೆಲ್ಲ ಹಸಿರು ಬೂಸ್ಟು ಹಿಡಿಯುತ್ತದೆ. ಆಗ ಗಿಡಗಳ ಬುಡಕ್ಕೆ ಹಾಕಬೇಕು. ರವೂಫರು ಬೆಳ್ತಂಗಡಿಗಾಗಿ ಹಿಂದೆ ಬಂದು, ಅಲ್ಲಿನ ಅಂಗಡಿಯಲ್ಲಿ ಬೇವಿನ ಹಿಂಡಿ ಕೊಂಡರು. ಸೆಗಣಿ ಗೊಬ್ಬರವನ್ನು ರಿಕ್ಷಾದಲ್ಲಿ ತರಿಸಿದರು.

ಮರುದಿನ ನಫೀಸಮ್ಮ ಕಂಡ ದೃಶ್ಯವನ್ನು ಅವರು ಆಮೇಲೆ ವರ್ಷಗಟ್ಟಲೆ ನೆಂಟರಿಗೆ ಹೇಳಿದರು. ಬಟ್ಟೆ ಒಗೆಯುವ ಕಲ್ಲಿನ ಆಚೆ, ಶೀಟಿನ ಮಾಡಿನ ಕೆಳಗೆ, ಗಂಡ ಮಾಸ್ಕು, ಮೊಣಕೈವರೆಗಿನ ಗ್ಲೌಸು, ತಲೆಗೆ ಪ್ಲಾಸ್ಟಿಕ್ ಟೊಪ್ಪಿ ಹಾಕಿ ಸೆಗಣಿ ಕಲಸುತ್ತಿದ್ದರು.

"ಎಂತ ಇದು? ಆಪರೇಷನ್ನಾ?" ಎಂದು ಕೇಳಿದರು ನಫೀಸಮ್ಮ.

"ಹತ್ತಿರ ಬರ್ಬೇಡ. ಕಾವಲಿನವರನ್ನು ಸಾಕ್ತಾ ಇದ್ದೇನೆ."

"ಯಾರನ್ನು?"

"ಬೂಸ್ಟನ್ನು."

ನಫೀಸಮ್ಮ ಗಂಡನ ಮುಖ ನೋಡಿದರು. ಕಳೆದ ಮಳೆಗಾಲದಲ್ಲಿ ಉಪ್ಪಿನಕಾಯಿ ಭರಣಿಯ ಬಾಯಲ್ಲಿ ಬೂಸ್ಟಿನ ಒಂದು ಚುಕ್ಕೆ ಕಂಡದ್ದಕ್ಕೆ ಇಡೀ ಭರಣಿಯನ್ನು ಹೂತುಹಾಕಿಸಿದ ಮನುಷ್ಯ ಇದೇ. "ಆಯ್ತು," ಎಂದು ಒಳಗೆ ಹೋದರು.

ಐದನೆಯ ದಿನ ಗೋಣಿ ಎತ್ತಿದಾಗ ರಾಶಿಯ ಮೇಲೆ ಬಿಳಿಯ ಎಳೆಗಳು ಕಂಡವು. ರವೂಫರ ಬಲಗೈ ತನ್ನಷ್ಟಕ್ಕೆ ಸೊಂಟದ ಕಡೆಗೆ ಹೋಯಿತು. ಅಲ್ಲಿ ಸ್ಪ್ರೇ ಬಾಟ್ಲಿ ಸಿಕ್ಕಿಸಿಕೊಳ್ಳುವ ಅಭ್ಯಾಸ ಇಪ್ಪತ್ತಾರು ವರ್ಷದ್ದು. ಬಾಟ್ಲಿ ಕೈಗೆ ಬಂದೂ ಬಂತು. ಅಡುಗೆಮನೆಯ ಕಿಟಕಿಯಿಂದ ನಫೀಸಮ್ಮ ಕೂಗಿದರು.

"ಓಯ್! ಸಾಕುವುದಾ ಕೊಲ್ಲುವುದಾ, ಒಂದು ತೀರ್ಮಾನ ಮಾಡಿ!"

ರವೂಫರು ಬಾಟ್ಲಿಯನ್ನು ಹೆಂಡತಿಯ ಕೈಗೆ ಕೊಟ್ಟು, ಹದಿನೈದು ದಿನ ಬೀಗ ಹಾಕಿಡು ಎಂದರು. ಎಂಟನೆಯ ದಿನ ಬಿಳಿಯ ಮೇಲೆ ಹಸಿರು ಮೂಡಿತು. ಹನ್ನೆರಡನೆಯ ದಿನ ರಾಶಿಯ ಮುಕ್ಕಾಲು ಭಾಗ ಎಳೆ ಗದ್ದೆಯ ಬಣ್ಣಕ್ಕೆ ತಿರುಗಿತ್ತು. ಈಗ ಅವರಿಗೆ ಅಸಹ್ಯ ಹೋಗಿ ಬೇರೇನೋ ಬಂದಿತ್ತು. ಬೆಳಿಗ್ಗೆ ಎದ್ದವರು ಮೊದಲು ಗೋಣಿ ಎತ್ತಿ ನೋಡಿ ಬರುತ್ತಿದ್ದರು. ಫೋಟೋ ತೆಗೆದು ದೀಕ್ಷಿತಾಳಿಗೆ ಕಳುಹಿಸುತ್ತಿದ್ದರು. "ಇವತ್ತು ಸ್ವಲ್ಪ ಬಾಡಿದ ಹಾಗೆ ಉಂಟು, ಹಸಿವಾ?" ಎಂದು ಕೇಳುತ್ತಿದ್ದರು.

ಹದಿಮೂರನೆಯ ದಿನ ಇರ್ಷಾದ್ ಬಂದ.

ಇರ್ಷಾದ್ ಮೂಡುಬಿದಿರೆಯವನು. ದಮ್ಮಾಮಿನಲ್ಲಿ ಎಂಟು ವರ್ಷ ರವೂಫರ ಕೈಕೆಳಗೆ ಕೆಲಸ ಕಲಿತವನು. ಈಗ ಊರಿನಲ್ಲೇ ಮದುವೆ ಹಾಲ್‌ಗಳನ್ನು, ನೀರಿನ ಟ್ಯಾಂಕುಗಳನ್ನು ತೊಳೆಯುವ ಕಂಟ್ರಾಕ್ಟು ಹಿಡಿದಿದ್ದ. ಏನಿದ್ದರೂ ರವೂಫ್ ಸಾರ್ ಕಲಿಸಿದ ವಿದ್ಯೆ ಎಂದು ಎಲ್ಲರೆದುರು ಹೇಳುವವನು. ಗುರುಕಾಣಿಕೆಯಾಗಿ ಐದು ಲೀಟರಿನ ಕ್ಯಾನು ತಂದಿದ್ದ. ಹೊಸ ಬಗೆಯ ದ್ರಾವಣ, ಕಂಪೆನಿಯವರ ಪ್ರಕಾರ ಸಾವಿರದಲ್ಲಿ ಒಂದು ರೋಗಾಣು ಸಹ ಉಳಿಯುವುದಿಲ್ಲ.

ಬಂದವನಿಗೆ ಒಳ್ಳೆಯ ಮೀನು ಮಾಡಬೇಕೆಂದು ರವೂಫರು ಅವನನ್ನು ಕೂರಿಸಿ ಮಾಣಿಗೆ ಹೋದರು. ನಫೀಸಮ್ಮ ನೀರುದೋಸೆ ಹೊಯ್ಯುತ್ತಿದ್ದರು. ಇರ್ಷಾದ್ ಕೈಕಾಲು ತೊಳೆಯಲು ಹಿಂದಕ್ಕೆ ಹೋದವನು, ಶೀಟಿನ ಕೆಳಗಿನ ಗೋಣಿ ಎತ್ತಿ ನೋಡಿದ. ಅವನ ಕಣ್ಣಿಗೆ ನೀರು ಬಂತು. ರವೂಫ್ ಸಾರ್ ಅವರ ಮನೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಬೂಸ್ಟು ಹಿಡಿದ ಸೆಗಣಿ! ಸಾರ್‌ಗೆ ವಯಸ್ಸಾಯಿತು, ಬಗ್ಗಿ ಕೆಲಸ ಮಾಡಲಾಗುವುದಿಲ್ಲ, ನಾಚಿಕೆಯಿಂದ ಗೋಣಿ ಮುಚ್ಚಿ ಇಟ್ಟಿದ್ದಾರೆ ಎಂದುಕೊಂಡ. ಅಂಗಿ ಕಳಚಿ ಗೂಟಕ್ಕೆ ತೂಗಿದ.

ರವೂಫರು ಒಂದು ಕಿಲೋ ಅಂಜಲ್ ಹಿಡಿದುಕೊಂಡು ಬರುವಾಗ ಇರ್ಷಾದ್ ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ.

"ಸಾರ್, ಒಮ್ಮೆ ಹಿಂದೆ ಬನ್ನಿ. ಎಂತದೂ ಹೇಳ್ಬೇಡಿ, ನೋಡಿ ಮಾತ್ರ."

ಶೀಟಿನ ಕೆಳಗೆ ನೆಲ ಕನ್ನಡಿಯಾಗಿತ್ತು. ರಾಶಿಯಿಲ್ಲ, ಗೋಣಿಯಿಲ್ಲ. ತೊಳೆದ ನೀರು ಹರಿದುಹೋದ ಜಾಗದಲ್ಲಿ ನೊರೆ ಮಿನುಗುತ್ತಿತ್ತು. ಕ್ಯಾನು ಖಾಲಿಯಾಗಿ ಮಗುಚಿ ಬಿದ್ದಿತ್ತು.

"ನಲವತ್ತು ನಿಮಿಷ ಸಾರ್. ರಾಶಿ ಪೂರಾ ಚರಂಡಿಗೆ. ಮೊದಲು ದ್ರಾವಣ, ಹತ್ತು ನಿಮಿಷ ಬಿಟ್ಟು ಉಜ್ಜುವುದು, ಮತ್ತೆ ಎರಡು ಸಲ ನೀರು. ನೀವು ಕಲಿಸಿದ ಹಾಗೇ. ಒಂದು ರೋಗಾಣು ಬಾಕಿ ಇಲ್ಲ. ಬೆರಳು ಎಳೆದು ನೋಡಿ."

ರವೂಫರು ಮೀನಿನ ತೊಟ್ಟೆ ಹಿಡಿದುಕೊಂಡೇ ನಿಂತರು. ಬಯ್ಯಲು ಬಾಯಿ ತೆರೆದರು. ಆದರೆ ನೆಲ ನೋಡಿದರೆ ಒಂದು ಗೆರೆ ತಪ್ಪು ಹುಡುಕಲು ಸಾಧ್ಯವಿರಲಿಲ್ಲ. ಮೂಲೆಗಳನ್ನು ಸಹ ಹಲ್ಲುಜ್ಜುವ ಬ್ರಷಿನಿಂದ ತಿಕ್ಕಿದ್ದ. ಇಪ್ಪತ್ತಾರು ವರ್ಷದಲ್ಲಿ ಅವರಿಗೆ ಇಷ್ಟು ಒಳ್ಳೆಯ ಶಿಷ್ಯ ಇನ್ನೊಬ್ಬ ಸಿಕ್ಕಿರಲಿಲ್ಲ.

"ಮೂಲೆ... ಚಂದ ಮಾಡಿದ್ದಿ," ಎಂದರು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು.

ಒಳಗಿನಿಂದ ಬಂದ ನಫೀಸಮ್ಮ ಸೌಟು ಹಿಡಿದುಕೊಂಡೇ ಎದೆ ಬಡಿದುಕೊಂಡರು. "ಉಜ್ಜುವ ಶಬ್ದ ಕೇಳ್ತಿತ್ತು ಮಾರಾಯ್ರೆ. ನೀವೇ ಹೇಳಿದ್ದು ಅಂತ ಗ್ರಹಿಸಿದೆ."

ನೀರುದೋಸೆ ತಿನ್ನುವಾಗ ಇರ್ಷಾದನಿಗೆ ವಿಷಯ ತಿಳಿಸಲಾಯಿತು. ಅವನು ಎರಡನೆಯ ದೋಸೆಯನ್ನು ಬಟ್ಟಲಿನಲ್ಲೇ ಬಿಟ್ಟು ಎದ್ದ. ರವೂಫರು ಪುಡಿಗಾಗಿ ಬೆಳ್ತಂಗಡಿಯ ಅಂಗಡಿಗೆ ಫೋನು ಮಾಡಿದರು. ದಾಸ್ತಾನು ಮುಗಿದಿದೆ, ಬರಲು ಇನ್ನೂ ಮೂರು ವಾರ ಎಂದರು. ದೀಕ್ಷಿತಾ ಪರೀಕ್ಷೆಯ ಪೇಪರು ತಿದ್ದಲು ಮಂಗಳೂರಿಗೆ ಹೋಗಿದ್ದಳು. ಫೋನಿನಲ್ಲಿ ಎಲ್ಲ ಕೇಳಿ, ನಗು ತಡೆದುಕೊಳ್ಳಲು ಅವಳಿಗೆ ಸ್ವಲ್ಪ ಸಮಯ ಬೇಕಾಯಿತು.

"ಅಂಕಲ್, ಮಳೆ ಬರುವ ಮೊದಲು ಹಾಕಿದ್ರೆ ಒಳ್ಳೇದು. ಒಂದು ಕೆಲಸ ಮಾಡಿ. ಅಪ್ಪನ ಲಿಂಬೆ ಬುಡದಿಂದ ಎರಡು ಬುಟ್ಟಿ ಮಣ್ಣು ತನ್ನಿ. ಆ ಮರದಲ್ಲಿ ಕೊಳೆರೋಗ ಇಲ್ಲ, ನಾನು ಬೇರು ನೋಡಿದ್ದೇನೆ. ಸೆಗಣಿ ಗೊಬ್ಬರದಲ್ಲಿ ಬೆರೆಸಿ ಹಾಕಿ. ಪುಡಿಯಷ್ಟು ಖಾತ್ರಿ ಹೇಳ್ಲಿಕ್ಕಾಗುದಿಲ್ಲ, ಆದ್ರೆ ಮಂದಿ ಎಲ್ಲ ಅಲ್ಲಿ ಇದ್ದಾರೆ. ಅಪ್ಪನಿಗೆ ನಾನೇ ಫೋನು ಮಾಡ್ಲಾ?"

"ಬೇಡ ಮಗಾ," ಎಂದರು ರವೂಫರು. "ದೂರು ಬರೆದದ್ದು ನಾನು. ಕೇಳುವುದು ಸಹ ನಾನೇ."

ದೂರು ಬರೆದ ಎರಡು ವರ್ಷದಲ್ಲಿ ಮೊದಲ ಸಲ ರವೂಫರು ಶೆಟ್ಟರ ಮೆಟ್ಟಿಲು ಹತ್ತಿದರು. ಹಿಂದೆ ಇರ್ಷಾದ್, ಕೈಯಲ್ಲಿ ಎರಡು ಖಾಲಿ ಬುಟ್ಟಿ. ಶೆಟ್ಟರು ಆರಾಮಕುರ್ಚಿಯಿಂದ ಏಳಲಿಲ್ಲ, ಆದರೆ ಕಾಲು ಕೆಳಗೆ ಇಳಿಸಿದರು. ಅವರ ಮಟ್ಟಿಗೆ ಅದು ದೊಡ್ಡ ಮರ್ಯಾದೆ.

"ಬನ್ನಿ ಬನ್ನಿ ರವೂಫಾಕ. ಏನು, ಅಪರೂಪಕ್ಕೆ?"

ರವೂಫರು ಸುತ್ತಿ ಬಳಸದೆ ಹೇಳಿದರು. "ನಿಮ್ಮ ಲಿಂಬೆ ಬುಡದ ಮಣ್ಣು ಎರಡು ಬುಟ್ಟಿ ಬೇಕಿತ್ತು ಶೆಟ್ರೆ."

ಶೆಟ್ಟರು ಹೆಂಡತಿಯನ್ನು ಕರೆದರು. "ಕಾಂತೀ, ಕಪಾಟಿನಲ್ಲಿ ಆ ಕಾಗದ ಉಂಟಲ್ಲ, ಪಂಚಾಯತಿಯದ್ದು, ತೆಗೆದುಕೊಂಡು ಬಾ." ಕಾಂತಿ ಅಷ್ಟು ಬೇಗ ಅದನ್ನು ತಂದರೆಂದರೆ, ಅದು ಆಗಾಗ ಹೊರಗೆ ಬರುತ್ತಿತ್ತೆಂದು ಅರ್ಥ. ಶೆಟ್ಟರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"'ಸದ್ರಿ ಸ್ಥಳವು ಕೋಟ್ಯಂತರ ರೋಗಾಣುಗಳ ತವರುಮನೆಯಾಗಿದ್ದು...' ಇದು ನಿಮ್ಮ ಕೈಬರಹ ಅಲ್ವಾ?"

"ನನ್ನದೇ."

"ಹಾಗಾದ್ರೆ ಈ ತವರುಮನೆಯಿಂದ ನಿಮಗೆ ಈಗ ಎಷ್ಟು ಕೋಟಿ ಬೇಕು?"

ಇರ್ಷಾದ್ ಬುಟ್ಟಿಯ ಹಿಂದೆ ಮುಖ ಮರೆಸಿಕೊಂಡ. ರವೂಫರ ಕಿವಿ ಕೆಂಪಾಯಿತು. ಆದರೆ ಅವರು ಅಲ್ಲಿಂದ ಕದಲಲಿಲ್ಲ.

"ಶೆಟ್ರೆ, ನನಗೆ ಗೊತ್ತಿರ್ಲಿಲ್ಲ. ನಾನು ಆಸ್ಪತ್ರೆಯ ನೆಲ ನೋಡಿದವ, ಮಣ್ಣು ನೋಡಿದವ ಅಲ್ಲ. ನೆಲಕ್ಕೆ ಮಾಡಿದ್ದನ್ನೇ ಮಣ್ಣಿಗೆ ಮಾಡಿದೆ. ಗಿಡಗಳು ಸಾಯ್ತಾ ಉಂಟು. ನಿಮ್ಮ ಮಗಳು ಹೇಳಿದ ಮೇಲೆ ತಲೆಗೆ ಹೋಯ್ತು."

ಶೆಟ್ಟರಿಗೆ ಇನ್ನೂ ನಾಲ್ಕು ಮಾತು ಆಡುವ ಆಸೆ ಇತ್ತು. ಎರಡು ವರ್ಷ ಯೋಚಿಸಿ ಇಟ್ಟುಕೊಂಡ ಮಾತುಗಳು. ಆದರೆ ಎದುರಿಗಿದ್ದ ಮನುಷ್ಯ ಜಗಳಕ್ಕೆ ನಿಲ್ಲದೆ ತಪ್ಪೊಪ್ಪಿಕೊಂಡದ್ದರಿಂದ ಅವೆಲ್ಲ ವ್ಯರ್ಥವಾದವು. "ಒಂದು ಕೆಲಸ ಮಾಡಿ," ಎಂದರು ಕೊನೆಗೆ, "ದೂರು ಹಿಂದೆ ತೆಗೆದು ಒಂದು ಅರ್ಜಿ ಬರೆದುಕೊಡಿ. ಮಣ್ಣು ಎಷ್ಟು ಬೇಕಾದ್ರೂ ಕೊಂಡುಹೋಗಿ."

ರವೂಫರು ಅಲ್ಲೇ ಕೂತು ಬರೆದರು. "ಸದ್ರಿ ರೋಗಾಣುಗಳ ಪೈಕಿ ಹೆಚ್ಚಿನವರು ಸಜ್ಜನರೆಂದು ಈಗ ತಿಳಿದುಬಂದಿರುವುದರಿಂದ, ಅವರ ಮೇಲಿನ ನನ್ನ ದೂರನ್ನು ಈ ಮೂಲಕ ಹಿಂಪಡೆಯುತ್ತಿದ್ದೇನೆ." ಪಂಚಾಯತಿಯಲ್ಲಿ ಆ ಅರ್ಜಿಯನ್ನು ಮೂರು ಜನ ಓದಿ, ಯಾವ ಫೈಲಿಗೆ ಸೇರಿಸುವುದೆಂದು ತಿಳಿಯದೆ ಇಟ್ಟುಕೊಂಡಿದ್ದಾರೆಂದು ಆಮೇಲೆ ಸುದ್ದಿ ಬಂತು.

ಅಷ್ಟರಲ್ಲಿ ಕಾಂತಿ ಚಾ ತಂದಿಟ್ಟು, "ಅವರ ಅರ್ಜಿ ಆಯ್ತು. ನನ್ನದೊಂದು ಉಂಟು ರವೂಫಾಕ," ಎಂದರು. "ನಮ್ಮ ಮೇಲಿನ ನೀರಿನ ಟ್ಯಾಂಕ್ ತೊಳೆಯದೆ ಐದು ವರ್ಷ ಆಯ್ತು. ಇವರಿಗೆ ಸೊಂಟ. ಅಡುಗೆಮನೆಯ ಟೈಲ್ಸಿನಲ್ಲಿ ಎಣ್ಣೆ ಕೂತು ಬಣ್ಣವೇ ತಿಳಿಯುದಿಲ್ಲ. ನೀವು ದಮ್ಮಾಮಿನಲ್ಲಿ..."

ಅವರು ಮಾತು ಮುಗಿಸುವ ಮೊದಲೇ ಗುರುಶಿಷ್ಯರಿಬ್ಬರೂ ಎದ್ದು ನಿಂತಿದ್ದರು. ಇರ್ಷಾದನ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ಜೀವ ಬಂತು.

ಟ್ಯಾಂಕಿನ ತಳದಲ್ಲಿ ಒಂದು ಗೇಣು ಕೆಸರು, ಒಂದು ಚಮಚ, ಒಂದು ಪ್ಲಾಸ್ಟಿಕ್ ಚೆಂಡು ಇದ್ದವು. ಬದಿಗಳಲ್ಲಿ ಹಸಿರು ಪಾಚಿ. ಬ್ರಷ್ ಹಿಡಿದು ಇಳಿದ ರವೂಫರು ಸಂಶಯದಿಂದ ಕೈ ತಡೆದರು. ಟ್ಯಾಂಕಿನ ಒಳಗಿನಿಂದಲೇ ದೀಕ್ಷಿತಾಳಿಗೆ ಫೋನು ಹೋಯಿತು.

"ಮಗಾ, ಇಲ್ಲಿಯೂ ಹಸಿರು ಉಂಟು. ಇವರು ಸಜ್ಜನರಾ?"

"ಅಂಕಲ್, ಕುಡಿಯುವ ನೀರಿನಲ್ಲಿ ಯಾರೂ ಬೇಡ. ಚೆನ್ನಾಗಿ ತೊಳೀರಿ."

"ಬ್ಲೀಚಿಂಗ್?"

"ಹಾಕಿ."

ಆರಾಮಕುರ್ಚಿಯಲ್ಲಿದ್ದ ಶೆಟ್ಟರಿಗೆ ಟ್ಯಾಂಕಿನಿಂದ ಹಾಡು ಕೇಳಿಸಿತು. ಅರಬಿಯೋ ಬ್ಯಾರಿ ಭಾಷೆಯೋ ತಿಳಿಯಲಿಲ್ಲ, ಆದರೆ ಹಾಡುವವನಿಗೆ ಸಂತೋಷವಾಗಿದೆಯೆಂದು ತಿಳಿಯಿತು.

ಮೂರು ಗಂಟೆಗೆ ಟ್ಯಾಂಕು, ನಾಲ್ಕೂವರೆಗೆ ಟೈಲ್ಸು ಮುಗಿಯಿತು. ಟೈಲ್ಸಿನ ಬಣ್ಣ ನೀಲಿ ಎಂದು ಕಾಂತಿಗೆ ನೆನಪಾಯಿತು. ಆಮೇಲೆ ಇಬ್ಬರೂ ಮನೆಯ ಹಿಂದಕ್ಕೆ ಹೋಗಿ ಲಿಂಬೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತರು. ಕೊಳೆತ ಎಲೆಯ ಪದರ ಸರಿಸಿದಾಗ ಕಪ್ಪು ಮಣ್ಣು, ಅದರಲ್ಲಿ ಕೂದಲಿನಂತಹ ಬೇರುಗಳು, ಬೇರಿಗೆ ಹತ್ತಿಕೊಂಡು ಬಿಳಿಯ ಎಳೆಗಳು. ಮಳೆ ಬಿದ್ದ ಮೊದಲ ದಿನದ ವಾಸನೆ ಬಂತು. ಗ್ಲೌಸು ದಪ್ಪವಾಗಿದ್ದು ಎಳೆ ಬೇರು ತುಂಡಾಗುತ್ತದೆಂದು ಹೇಳಿ ರವೂಫರು ಗ್ಲೌಸು ಕಳಚಿದರು. ಬರಿಗೈ ಮಣ್ಣಿನೊಳಗೆ ಹೋದಾಗ ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ತೆರೆದರು.

"ತಂಪುಂಟು ಮಾರಾಯ," ಎಂದರು ಇರ್ಷಾದನಿಗೆ.

ಮಳೆ ಮೇ ಕೊನೆಗೆ ಹಿಡಿಯಿತು. ಅಷ್ಟರೊಳಗೆ ಎಂಟೂ ಗಿಡಗಳ ಬುಡಕ್ಕೆ ಶೆಟ್ಟರ ಮಣ್ಣು ಬೆರೆಸಿದ ಗೊಬ್ಬರ ಬಿತ್ತು. ಮೂರು ವಾರದ ಮೇಲೆ ಬೆಳ್ತಂಗಡಿಯಿಂದ ಪುಡಿಯೂ ಬಂತು, ಅದನ್ನೂ ಬೆಳೆಸಿ ಹಾಕಿದರು. ತರಗೆಲೆಯನ್ನು ಗುಡಿಸದೆ ಬಿಡುವುದು ರವೂಫರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಗಾಳಿ ಬೀಸಿದ ದಿನ ಆ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಎಲ್ಲವೂ ಸುಖಾಂತವಾಗಲಿಲ್ಲ. ಆಟಿ ತಿಂಗಳ ಮಳೆಗೆ ಎರಡು ಗಿಡ ಹೋದವು, ಅವುಗಳ ಬುಡ ಮೊದಲೇ ಸುತ್ತಲೂ ಕೊಳೆತಿತ್ತು. ಉಳಿದ ಆರರಲ್ಲಿ ಅಂಟು ಸೋರುವುದು ನಿಂತಿತು. ದೀಪಾವಳಿಯ ಹೊತ್ತಿಗೆ ಕೆಂಪು ಚಿಗುರು ಬಂತು. ಇದು ಶೆಟ್ಟರ ಮಣ್ಣಿನಿಂದಲೋ, ಪುಡಿಯಿಂದಲೋ, ಅಥವಾ ನೀವು ವಿಷ ಹಾಕುವುದನ್ನು ನಿಲ್ಲಿಸಿದ್ದರಿಂದಲೋ, ಖಚಿತ ಹೇಳಲಾಗದು ಎಂದಳು ದೀಕ್ಷಿತಾ. ಶೆಟ್ಟರು ಮಾತ್ರ ತಮ್ಮ ಮಣ್ಣಿನಿಂದಲೇ ಎಂದು ಊರಿಗೆಲ್ಲ ಹೇಳಿದರು. ಇಂಗುಗುಂಡಿ ಇವತ್ತಿಗೂ ತೋಡಿಲ್ಲ.

ಅದರ ಮರುವರ್ಷ ಏಪ್ರಿಲಿನಲ್ಲಿ ಮೂರನೆಯ ಗಿಡದಲ್ಲಿ ಮೊದಲ ಏಳು ಕಾಯಿ ಬಲಿತವು. ರವೂಫರು ಒಂದೊಂದಕ್ಕೂ ನೂಲು ಕಟ್ಟಿ ಚೀಟಿಯಲ್ಲಿ ನಂಬರು ಬರೆದರು. ಕಾಯಿಗಳನ್ನು ಉಜಿರೆಗೆ ಒಯ್ದು ಲ್ಯಾಬಿನಲ್ಲಿ ತೂಕ, ರಸ, ಹುಳಿ ಎಲ್ಲ ನೋಡಿಸುವುದೆಂದು ಶನಿವಾರಕ್ಕೆ ದಿನ ನಿಗದಿಯಾಗಿತ್ತು.

ಗುರುವಾರ ಮಧ್ಯಾಹ್ನ ನಮಾಜು ಮುಗಿಸಿ ಬಂದವರು ಗಿಡ ನೋಡಿದರೆ ನೂಲುಗಳು ಮಾತ್ರ ತೂಗುತ್ತಿದ್ದವು. ಒಳಗೆ ಓಡಿದರು. ನಫೀಸಮ್ಮ ಊಟಕ್ಕೆ ಬಡಿಸುತ್ತಿದ್ದರು. ಹುರಿದ ಬಂಗುಡೆಯ ಪಕ್ಕದಲ್ಲಿ ಲಿಂಬೆ ಹೋಳುಗಳು, ಜಗ್ಗಿನಲ್ಲಿ ಶರಬತ್ತು.

"ನಂಬರು ಹಾಕಿ ಇಟ್ಟದ್ದು ನಫೀಸಾ! ಲ್ಯಾಬಿಗೆ ಕೊಡ್ಲಿಕ್ಕಿತ್ತು!"

"ಲ್ಯಾಬಿನವರು ಎಂತ ಮಾಡ್ತಾರೆ?"

"ಹಿಂಡಿ ರಸ ನೋಡ್ತಾರೆ."

"ಹಿಂಡಿದ್ದೇನೆ. ಕೂತ್ಕೊಳ್ಳಿ, ಮೀನು ತಣಿತದೆ."

ರವೂಫರು ಕೂತರು. ನಾಲ್ಕನೆಯ ನಂಬರೋ ಐದನೆಯದ್ದೋ ತಿಳಿಯದ ಹೋಳೊಂದನ್ನು ಬಂಗುಡೆಯ ಮೇಲೆ ಹಿಂಡಿ ಒಂದು ತುತ್ತು ಬಾಯಿಗಿಟ್ಟರು. ನಫೀಸಮ್ಮ ಎದುರಿಗೆ ನಿಂತು, ಕೈ ಸೆರಗಿಗೆ ಒರೆಸಿಕೊಳ್ಳುತ್ತ ನೋಡಿದರು.

"ಹೇಗುಂಟು?"

"ಹುಳಿ ಉಂಟು," ಎಂದರು ರವೂಫರು, ಇನ್ನೊಂದು ಹೋಳಿಗೆ ಕೈ ಚಾಚುತ್ತ.